ಗಾಜಿಲ್ಲದ ಕಟ್ಟು: ಚಿಕ್ಕಬಳ್ಳಾಪುರದ ಒಂದು ಫ್ರೇಮ್ ಅಂಗಡಿ

ಚಿತ್ರಗಳು ಹೇಗೆ ರಾಜಕಾರಣ ಮಾಡುತ್ತವೆ ಎಂಬ ವಿಷಯವಾಗಿ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಏರ್ಪಡಿಸಿದ ಪುಟ್ಟ ಪ್ರದರ್ಶನಕ್ಕಾಗಿ ಒಂಬತ್ತು ಚಿತ್ರಗಳಿಗೆ ಕಟ್ಟು ಹಾಕಿಸಬೇಕಾಗಿತ್ತು. ಬೆಂಗಳೂರಿಗೆ ಹೊತ್ತೊಯ್ಯುವ ಬದಲು ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಪಕ್ಕದ ಓಣಿಯಲ್ಲಿರುವ, ತಂದೆ ಮಗ ಸೇರಿ ನಡೆಸುವ ಅಂಗಡಿಗೆ ಕೊಟ್ಟೆವು.

ಆ ಅಂಗಡಿಯ ಗೋಡೆಯೇ ನಮ್ಮ ವಿಷಯಕ್ಕೆ ಒಳ್ಳೆಯ ಪೀಠಿಕೆಯಾಗಿತ್ತು. ಕೈವಾರ ತಾತಯ್ಯ, ವಿಶ್ವೇಶ್ವರಯ್ಯ, ಅಂಬೇಡ್ಕರ್, ಕಮಲದ ಮೇಲೆ ನಿಂತ ಲಕ್ಷ್ಮಿ, ಎಲ್ಲರೂ ಒಂದೇ ಸಾಲಿನಲ್ಲಿದ್ದರು. ಯಾರ ಬಲವಂತವೂ ಇಲ್ಲದೆ, ಸ್ವಂತ ಹಣ ಕೊಟ್ಟು, ಜನ ಇವರನ್ನು ಮನೆಗೆ ಕರೆದೊಯ್ಯುತ್ತಾರೆ. ಬೆದರಿಸದೆ, ಹಣ ತೋರಿಸದೆ, ಆಕರ್ಷಣೆಯಿಂದಲೇ ಒಲಿಸಿಕೊಳ್ಳುವ ಬಲಕ್ಕೆ ಅಮೆರಿಕದ ರಾಜ್ಯಶಾಸ್ತ್ರಜ್ಞ ಜೋಸೆಫ್ ನೈ 1990ರಲ್ಲಿ ‘ಸಾಫ್ಟ್ ಪವರ್’ ಎಂದು ಹೆಸರಿಟ್ಟಾಗ ಅವರ ಗಮನವಿದ್ದದ್ದು ದೇಶ ದೇಶಗಳ ನಡುವಿನ ವ್ಯವಹಾರದ ಮೇಲೆ. ಆದರೆ ಆ ಬಲ ಮನೆಯ ಗೋಡೆಯ ಮೇಲೂ ಕೆಲಸ ಮಾಡುತ್ತದೆ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದ ಮೇಲೆ ದೇವತೆಗಳಿಗೆ ಮನೆಮನೆಯಲ್ಲೂ ಪರಿಚಿತವಾದ ಒಂದು ಮುಖ ಬಂತು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ರಿಂದ 2004ರವರೆಗೆ ಮಾಡಿದ ಸರಣಿಯಲ್ಲಿ ಅದೇ ಲಕ್ಷ್ಮಿಯಾಗಿ ತಾವೇ ವೇಷ ಹಾಕಿ ನಿಂತರು. ಆ ಚಿತ್ರದ ಮುಂದೆ ನಿಂತರೆ, ನಾವು ಕೈಮುಗಿಯುವ ರೂಪವನ್ನೂ ಯಾರೋ ಕೂತು ಯೋಚಿಸಿ ಕಟ್ಟಿದ್ದಾರೆ ಎಂಬುದು ತಟ್ಟನೆ ಹೊಳೆಯುತ್ತದೆ.

ನಾವು ಕೊಟ್ಟವುಗಳಲ್ಲಿ ನಾಲ್ಕು, ಬಂಗಾಳದ ಚಿತ್ರಕಾರ ನಂದಲಾಲ್ ಬೋಸ್ ಅವರ ಹರಿಪುರ ಚಿತ್ರಗಳ ಮುದ್ರಿತ ಪ್ರತಿಗಳು. ಗಾಂಧೀಜಿಯವರ ಕೋರಿಕೆಯ ಮೇರೆಗೆ 1938ರ ಫೆಬ್ರವರಿಯಲ್ಲಿ ಗುಜರಾತಿನ ಹರಿಪುರದಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಬರೆದ ಆ ಚಿತ್ರಗಳಲ್ಲಿ ನಾಯಕರಿಲ್ಲ, ಘೋಷಣೆಯಿಲ್ಲ. ಡೋಲು ಬಡಿಯುವವನು, ಬಡಗಿ, ದುಡಿಯುವ ಹೆಂಗಸರು ಇದ್ದಾರೆ. ದೇಶವೆಂದರೆ ನೀವೇ ಎಂದು ಹಳ್ಳಿಯವರಿಗೆ ಹೇಳಲು ಇದಕ್ಕಿಂತ ನೇರವಾದ ದಾರಿ ಇರಲಿಲ್ಲ. ನಾನು ಗಾಜು, ಚಿನ್ನದ ಬಣ್ಣದ ಪಟ್ಟಿ ಎಂದು ಹೇಳಿಬಿಟ್ಟಿದ್ದೆ. ಹಿರಿಯರು ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, “ಗಾಜು ಹಾಕಿದ್ರೆ ಟ್ಯೂಬ್‌ಲೈಟೇ ಕಾಣ್ಸೋದು ಸಾರ್, ಬಣ್ಣ ಕಾಣ್ಸಲ್ಲ” ಎಂದರು. ಗಾಜಿಲ್ಲದೆ, ತೆಳುವಾದ ತೇಗದ ಪಟ್ಟಿಯಲ್ಲಿ ಕಟ್ಟಿಕೊಟ್ಟರು. ಕಾವಿ ಬಣ್ಣ ಮಣ್ಣಿನಂತೆಯೇ ಉಳಿಯಿತು. ಬಯಲಿನಲ್ಲಿ ನೋಡಲೆಂದು ಬರೆದ ಚಿತ್ರವನ್ನು ದೇವರ ಪಟವಾಗಿಸುವ ತಪ್ಪಿನಿಂದ ಅವರು ನನ್ನನ್ನು ಉಳಿಸಿದರು.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ವಿದ್ಯಾರ್ಥಿನಿಯೊಬ್ಬಳ ಕೊಲಾಜ್‌ಗೆ ಅವರು ತೋರಿದ ಜಾಗ್ರತೆ. ಹಳೆಯ ಕ್ಯಾಲೆಂಡರ್ ಮತ್ತು ಚುನಾವಣಾ ಕರಪತ್ರಗಳ ಚೂರುಗಳಿಂದ ಅವಳು ನಮ್ಮ ಜಿಲ್ಲೆಯ ವಿದುರಾಶ್ವತ್ಥದ ಅರಳಿಮರವನ್ನು ಮಾಡಿದ್ದಳು. ಹರಿಪುರದ ಅಧಿವೇಶನವಾಗಿ ಎರಡೇ ತಿಂಗಳಿಗೆ, ಏಪ್ರಿಲ್ 25ರಂದು, ಕಾಂಗ್ರೆಸ್ ಧ್ವಜ ಹಾರಿಸಲು ನೆರೆದವರ ಮೇಲೆ ಅಲ್ಲಿ ಗುಂಡು ಹಾರಿತ್ತು. ಅನಂತರ ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಆದ ಮಿರ್ಜಾ–ಪಟೇಲ್ ಒಪ್ಪಂದದಿಂದ ಮೈಸೂರು ಸಂಸ್ಥಾನದ ಧ್ವಜದೊಂದಿಗೆ ಕಾಂಗ್ರೆಸ್ ಧ್ವಜಕ್ಕೂ ಅವಕಾಶ ಸಿಕ್ಕಿತು. ಒಂದು ತುಂಡು ಬಟ್ಟೆಗೆ ಎಷ್ಟು ಬಲವಿತ್ತೆಂಬುದನ್ನು ನಮ್ಮ ಜಿಲ್ಲೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಅಂಟಿಸಿದ ಚೂರುಗಳು ಉಬ್ಬಿಕೊಂಡಿದ್ದರಿಂದ ಮಗ ಗಾಜಿಗೂ ಕಾಗದಕ್ಕೂ ನಡುವೆ ಕಾಲು ಇಂಚಿನ ಮರದ ಪಟ್ಟಿ ಕೂರಿಸಿದರು. ಎಲೆಗಳ ನೆರಳು ಹಿಂದಿನ ಹಾಳೆಯ ಮೇಲೆ ಬೀಳುತ್ತದೆ. ಗಾಜಿಗೆ ಏನೂ ತಾಗುವುದಿಲ್ಲ, ಮಳೆಗಾಲದ ತೇವಕ್ಕೆ ಅಂಟಿಕೊಳ್ಳುವ ಭಯವೂ ಇಲ್ಲ.

ಕೊರತೆಗಳೂ ಇವೆ. ಹೇಳಿದ ದಿನಕ್ಕಿಂತ ಎರಡು ದಿನ ತಡವಾಗಿ, ಪ್ರದರ್ಶನದ ಹಿಂದಿನ ಸಂಜೆ ಕೈಗೆ ಬಂದವು. ಒಂದು ಕಟ್ಟಿನ ಮೂಲೆ ಸರಿಯಾಗಿ ಕೂಡದೆ ಉಗುರು ತೂರುವಷ್ಟು ಸಂದು ಬಿಟ್ಟಿತ್ತು. ತೋರಿಸಿದಾಗ ಮಾತಿಲ್ಲದೆ ಬಿಚ್ಚಿ ಮತ್ತೆ ಕಟ್ಟಿದರು. ದರ ನ್ಯಾಯವಾಗಿದೆ. ಮದುವೆಯ ಕಾಲದಲ್ಲಿ ಫೋಟೋ ಕೆಲಸ ತುಂಬಿರುವುದರಿಂದ ಹದಿನೈದು ದಿನ ಮೊದಲೇ ಕೊಡುವುದು ಒಳ್ಳೆಯದು, ಮತ್ತು ಕೊಡುವಾಗ ಹಿರಿಯರು ಅಂಗಡಿಯಲ್ಲಿರುವ ಹೊತ್ತು ನೋಡಿಕೊಂಡು ಹೋಗಬೇಕು.