ಐರನ್ ಡಬ್ಬಿಯ ಮೇಲೆ 100, ಒಳಗೆ 20: ನನ್ನ ಹದಿನಾಲ್ಕು ತಿಂಗಳು

ಡಬ್ಬಿಯ ಮುಂದೆ ದಪ್ಪ ಅಕ್ಷರದಲ್ಲಿ ‘ಫೆರಸ್ ಬಿಸ್‌ಗ್ಲೈಸಿನೇಟ್ 100 ಮಿ.ಗ್ರಾಂ’ ಅಂತ ಇತ್ತು. ನಾನು ಅದನ್ನು 100 ಮಿ.ಗ್ರಾಂ ಕಬ್ಬಿಣ ಅಂತಲೇ ಓದಿಕೊಂಡೆ. ರಕ್ತಹೀನತೆ ಇತ್ತು, ಮೂರು ತಿಂಗಳು ನಂಬಿ ನುಂಗಿದೆ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.9 ಇದ್ದದ್ದು 9.3 ಆಗಿತ್ತು, ಅಷ್ಟೇ. ಡಬ್ಬಿ ತಿರುಗಿಸಿ ಕನ್ನಡಕ ಹಾಕಿಕೊಂಡು ನೋಡಿದೆ. ಹಿಂಬದಿಯಲ್ಲಿ ಎಳ್ಳಿನ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ‘ಎಲಿಮೆಂಟಲ್ ಐರನ್ 20 ಮಿ.ಗ್ರಾಂ’. ಅಂದರೆ ಒಳಗಿದ್ದ ನಿಜವಾದ ಕಬ್ಬಿಣ ಅಷ್ಟೇ. ಎಷ್ಟು ಸಿಟ್ಟು ಬಂತು ಅಂದರೆ ಡಬ್ಬಿ ಬಿಸಾಡಬೇಕು ಅನ್ನಿಸಿತು. 60 ಕ್ಯಾಪ್ಸೂಲಿಗೆ 600 ರೂಪಾಯಿ ಕೊಟ್ಟಿದ್ದೆ.

ಸಾಮಾನ್ಯವಾಗಿ ಕಬ್ಬಿಣವನ್ನು ಬೇರೊಂದು ಪದಾರ್ಥದ ಜೊತೆ ಕೂಡಿಸಿದ ಸಂಯುಕ್ತವಾಗಿ ಮಾತ್ರೆ ಮಾಡುತ್ತಾರೆ. ಎಷ್ಟೋ ಸಲ ಮುಂದೆ ಬರೆಯೋದು ಆ ಇಡೀ ಸಂಯುಕ್ತದ ತೂಕ. ಫ್ಯೂಮರೇಟ್‌ನಲ್ಲಿ ಮೂರರಲ್ಲಿ ಒಂದು ಪಾಲು ಕಬ್ಬಿಣ, ಗ್ಲುಕೋನೇಟ್‌ನಲ್ಲಿ ನೂರಕ್ಕೆ ಹನ್ನೆರಡು. ಮನೆಯಲ್ಲಿ ಮುಟ್ಟಿನ ರಕ್ತಸ್ರಾವ ಜಾಸ್ತಿ ಇರುವ ಹೆಣ್ಣುಮಕ್ಕಳಿದ್ದರೆ ಇದೊಂದನ್ನು ದಯವಿಟ್ಟು ನೆನಪಿಡಿ: ಎಲಿಮೆಂಟಲ್ ಅನ್ನೋ ಪದದ ಪಕ್ಕ ಇರುವ ಸಂಖ್ಯೆಯನ್ನೇ ನೋಡಿ.

ಈ ಡಬ್ಬಿಗೂ ಮೊದಲು ಆಶಾ ಕಾರ್ಯಕರ್ತೆ ಅಕ್ಕ ತಂದುಕೊಟ್ಟ ಕೆಂಪು ಮಾತ್ರೆ ತಗೊಂಡಿದ್ದೆ. ಅದರಲ್ಲಿ 60 ಮಿ.ಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್, ಅದೂ ಪುಕ್ಕಟೆ. ಆದರೆ ನನಗೆ ಎದೆಯುರಿ, ಮಲಬದ್ಧತೆ. ಒಂದು ತಿಂಗಳಿಗೇ ಬಿಟ್ಟೆ. ಮಲ ಕಪ್ಪಗಾಗುತ್ತೆ, ಅದಕ್ಕೆ ಹೆದರಬೇಕಿಲ್ಲ ಅಂತ ಆಗ ಗೊತ್ತೂ ಇರಲಿಲ್ಲ.

ಸಿಟ್ಟಲ್ಲೇ ಡಬ್ಬಿ ಹಿಡಿದು ಡಾಕ್ಟರ್ ಹತ್ತಿರ ಹೋದೆ. ಅವರು ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಅಂತಿದ್ದ ಸಾಲು ತೋರಿಸಿದರು. ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್‌ನಲ್ಲಿ ಮಾರುವ ಸಪ್ಲಿಮೆಂಟ್ ಆಹಾರದ ಲೆಕ್ಕ. ಅದರಲ್ಲಿ ಖನಿಜ, ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳಿದ ದಿನದ ಪ್ರಮಾಣ ಮೀರುವಂತಿಲ್ಲ. 2020ರ ಪಟ್ಟಿಯಲ್ಲಿ ಹೆಂಗಸರಿಗೆ ಅದು 29 ಮಿ.ಗ್ರಾಂ. ಅಂದರೆ ಕಂಪನಿ 20 ಹಾಕಿದ್ದು ತಪ್ಪಲ್ಲ. ಕಾಯಿಲೆಗೆ ಬೇಕಾದ ಔಷಧಿಯ ಬದಲು ನಾನು ಆಹಾರ ಕೊಂಡಿದ್ದೆ. ಮುಂದಿನ ಆ ದಪ್ಪ 100 ಮಾತ್ರ ಈಗಲೂ ನನಗೆ ಒಪ್ಪಿಗೆಯಿಲ್ಲ.

ಡಾಕ್ಟರ್ ಬರೆದದ್ದು ಫೆರಸ್ ಆಸ್ಕಾರ್ಬೇಟ್ ಸ್ಟ್ರಿಪ್, 100 ಮಿ.ಗ್ರಾಂ ಎಲಿಮೆಂಟಲ್, ದಿನ ಬಿಟ್ಟು ದಿನ. ಒಮ್ಮೆ ಜಾಸ್ತಿ ಕಬ್ಬಿಣ ಹೋದರೆ ದೇಹದಲ್ಲಿ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಏರುತ್ತದೆ, ಮಾರನೇ ದಿನದ ಮಾತ್ರೆಯನ್ನು ದೇಹ ಅಷ್ಟಾಗಿ ಹೀರಿಕೊಳ್ಳುವುದಿಲ್ಲ ಅಂತ ವಿವರಿಸಿದರು.

ಆಮೇಲೆ ನನ್ನ ಬೆಳಗೇ ಬದಲಾಯಿತು. ಐದೂವರೆಗೆ ಎದ್ದು ಫಿಲ್ಟರ್‌ಗೆ ಪುಡಿ ಹಾಕಿ ಬಿಸಿನೀರು ಸುರಿಯುತ್ತೇನೆ. ಅರ್ಧ ನಿಂಬೆಹಣ್ಣು ಹಿಂಡಿದ ನೀರಲ್ಲಿ ಮಾತ್ರೆ. ಆಮೇಲೆ ಒಂದು ಗಂಟೆ ಕಾಫಿ ಇಲ್ಲ, ಹಾಲಿಲ್ಲ, ಎರಡೂ ಕಬ್ಬಿಣವನ್ನು ತಡೆಯುತ್ತವೆ. ಡಿಕಾಕ್ಷನ್ ತೊಟ್ಟಿಕ್ಕುವ ಘಮ ಮೂಗಿಗೆ ಬಡಿಯುತ್ತಿರುತ್ತದೆ, ನಾನು ಹಿತ್ತಲಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಾ ಕೂತಿರುತ್ತೇನೆ. ಆರೂಮುಕ್ಕಾಲಿಗೆ ಕುಡಿಯುವ ಆ ಲೋಟ ಕಾಫಿಯಷ್ಟು ರುಚಿ ಮೊದಲೆಂದೂ ಸಿಕ್ಕಿರಲಿಲ್ಲ.

ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ 12.4. ಫೆರಿಟಿನ್, ಅಂದರೆ ದೇಹದ ಕಬ್ಬಿಣದ ದಾಸ್ತಾನು, ತುಂಬಲಿ ಅಂತ ಇನ್ನೂ ಮೂರು ತಿಂಗಳು ಮುಂದುವರಿಸಿದೆ. ಈಗ ಮೂರು ತಿಂಗಳಿಂದ ಡಾಕ್ಟರ್ ಒಪ್ಪಿಗೆ ಪಡೆದು ಮತ್ತೆ ಅದೇ ಡಬ್ಬಿ. 20 ಮಿ.ಗ್ರಾಂ ಈಗ ನನಗೆ ಸಾಕು. ಹೊಟ್ಟೆಗೆ ನಿಜಕ್ಕೂ ಹಿತ, ಒಂದು ದಿನವೂ ಉರಿ ಇಲ್ಲ. ಏರಿದ ಮಟ್ಟ ಕಾಪಾಡುವ ಈ ಕೆಲಸಕ್ಕೆ ಡಬ್ಬಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಒಂದು ಅಂಕ ಹಿಡಿದದ್ದು ಮುಚ್ಚಳಕ್ಕೆ. ಸುಮ್ನೆ ತಿರುಗಿಸಿದರೆ ಬಂದುಬಿಡುತ್ತದೆ. ತಂಗಿಯ ಮೂರು ವರ್ಷದ ಮಗಳು ಅದನ್ನು ಗಿಲಕಿ ಅಂತ ಅಲ್ಲಾಡಿಸುತ್ತಿದ್ದುದನ್ನು ನೋಡಿ ನನ್ನ ಕೈಕಾಲು ತಣ್ಣಗಾಯಿತು. ಕಬ್ಬಿಣದ ಮಾತ್ರೆ ಒಟ್ಟಿಗೆ ಹಲವು ನುಂಗಿದರೆ ಪುಟ್ಟ ಮಕ್ಕಳ ಜೀವಕ್ಕೇ ಅಪಾಯ. ಅಮೆರಿಕದಲ್ಲಿ 1997ರಿಂದ ಡಬ್ಬಿಯ ಮೇಲೆ ಆ ಎಚ್ಚರಿಕೆ ಹಾಕಲೇಬೇಕು. ನನ್ನ ಡಬ್ಬಿ ಈಗ ಅಟ್ಟದ ಮೇಲೆ, ಬೀಗ ಹಾಕಿದ ಟ್ರಂಕಿನಲ್ಲಿದೆ.