ಎಸ್‌ಕ್ಯೂಎಲ್ ಆಲ್ಕೆಮಿ 2.0: ಸೆಷನ್ ಚೆನ್ನಾಗಿದೆ, ಡಿಫಾಲ್ಟ್‌ಗಳನ್ನು ನಂಬಬೇಡಿ

ಪೈಥಾನ್‌ನಲ್ಲಿ ವೆಬ್ ಸರ್ವಿಸ್ ಬರೆಯುವವರಿಗೆ ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ ಎಸ್‌ಕ್ಯೂಎಲ್ ಆಲ್ಕೆಮಿ ಹೊಸದಲ್ಲ. 2023ರ ಜನವರಿಯಲ್ಲಿ ಬಂದ 2.0ರಲ್ಲಿ ಸೆಷನ್ (ಒಂದು ಕೆಲಸದ ಓದು-ಬರಹವನ್ನೆಲ್ಲ ನೋಡಿಕೊಳ್ಳುವ ಆಬ್ಜೆಕ್ಟ್) ಬಳಸುವ ರೀತಿ ಬಹಳಷ್ಟು ತಿಳಿಯಾಗಿದೆ. ವಿತ್ ಬ್ಲಾಕ್ ಒಳಗೆ ತೆರೆದರೆ ಎಕ್ಸೆಪ್ಶನ್ ಬಂದರೂ ತಾನೇ ಮುಚ್ಚಿಕೊಳ್ಳುತ್ತದೆ. ಆದರೂ ಲೋಡ್ ಏರಿದ ದಿನ ಪೂಲ್ (ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಟ್ಟು ಮರುಬಳಸುವ ಸಂಗ್ರಹ) ಖಾಲಿಯಾಗಿ ಟೈಮ್‌ಔಟ್ ಎರರ್ ಸುರಿಯುವುದು ತಪ್ಪಿಲ್ಲ. ಸೆಷನ್, ಕನೆಕ್ಷನ್ ಎರಡೂ ಒಂದೇ ಅಂದುಕೊಂಡು ಕೋಡ್ ಬರೆಯುವುದೇ ಇದಕ್ಕೆ ಮುಖ್ಯ ಕಾರಣ.

ಸೆಷನ್ ತೆರೆದ ಮಾತ್ರಕ್ಕೆ ಕನೆಕ್ಷನ್ ಖರ್ಚಾಗುವುದಿಲ್ಲ. ಮೊದಲ ಕ್ವೆರಿ ಓಡುವಾಗ ಪೂಲ್‌ನಿಂದ ಒಂದನ್ನು ಎತ್ತಿಕೊಳ್ಳುತ್ತದೆ. ಕಮಿಟ್, ರೋಲ್‌ಬ್ಯಾಕ್ ಅಥವಾ ಕ್ಲೋಸ್ ಆಗುವ ತನಕ ಬಿಡುವುದಿಲ್ಲ. ಬರೀ ಸೆಲೆಕ್ಟ್ ಆದರೂ ಅಷ್ಟೇ. ಹ್ಯಾಂಡ್ಲರ್ ಒಂದು ಬಳಕೆದಾರರ ಸಾಲು ಓದಿ, ಆಮೇಲೆ ಪೇಮೆಂಟ್ ಗೇಟ್‌ವೇ ಉತ್ತರಕ್ಕೆ ನಾಲ್ಕು ಸೆಕೆಂಡ್ ಕಾಯುತ್ತದೆ ಅನ್ನಿ. ಅಷ್ಟೂ ಹೊತ್ತು ಆ ಕನೆಕ್ಷನ್, ಊಟ ಮುಗಿದರೂ ಪಂಕ್ತಿಯಿಂದ ಏಳದವರ ಹಾಗೆ ಕೂತೇ ಇರುತ್ತದೆ. ಡಿಫಾಲ್ಟ್ ಪೂಲ್ ಸೈಜ್ 5, ಅದು ತುಂಬಿದ ಮೇಲೆ ಹೆಚ್ಚುವರಿಯಾಗಿ ತೆರೆಯಬಹುದಾದ ಓವರ್‌ಫ್ಲೋ 10, ಒಟ್ಟು 15. ಸೆಕೆಂಡಿಗೆ ಇಂಥ ನಾಲ್ಕು ರಿಕ್ವೆಸ್ಟ್ ಬರುತ್ತಿದ್ದರೆ ಸಾಕು, ಪೂಲ್ ಕಟ್ಟಿಕೊಳ್ಳುತ್ತದೆ. ಸರದಿಯಲ್ಲಿ ನಿಂತವರಿಗೆ 30 ಸೆಕೆಂಡ್ ಆದ ಮೇಲೆ ಎರರ್.

ಆಗ ಎಲ್ಲರೂ ಮಾಡುವ ಕೆಲಸ ಪೂಲ್ ಸೈಜ್ ಏರಿಸುವುದು. ಆದರೆ ಪೂಲ್ ಇರುವುದು ಪ್ರತಿ ಪ್ರೊಸೆಸ್‌ಗೆ ಒಂದರಂತೆ. ಪೈಥಾನ್ ವೆಬ್ ಸರ್ವರ್ ಗನಿಕಾರ್ನ್‌ನ 8 ವರ್ಕರ್ ಪ್ರೊಸೆಸ್‌ಗಳಿದ್ದರೆ ಡಿಫಾಲ್ಟ್‌ನಲ್ಲೇ 120 ಕನೆಕ್ಷನ್‌ವರೆಗೆ ಆಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಡಿಫಾಲ್ಟಾಗಿ ಕೊಡುವುದೇ 100, ಅದರಲ್ಲೂ 3 ಸೂಪರ್‌ಯೂಸರ್‌ಗೆ ಮೀಸಲು. ಸರಿಯಾದ ದಾರಿ ಬೇರೆ: ಓದಿ, ಕಮಿಟ್ ಮಾಡಿ, ಆಮೇಲೆ ಗೇಟ್‌ವೇ ಕರೆದು, ಫಲಿತಾಂಶ ಬರೆಯಲು ಹೊಸ ಟ್ರಾನ್ಸಾಕ್ಷನ್ ಶುರು ಮಾಡಿ.

ಇಲ್ಲೊಂದು ಕೊಕ್ಕೆ ಇದೆ. ಕಮಿಟ್ ಆದ ಕೂಡಲೇ ಆಬ್ಜೆಕ್ಟ್‌ಗಳೆಲ್ಲ ಎಕ್ಸ್‌ಪೈರ್ ಆಗುತ್ತವೆ. ಗೇಟ್‌ವೇಗೆ ಕಳಿಸಲೆಂದು ಯೂಸರ್‌ನ ಇಮೇಲ್ ಮುಟ್ಟಿದಿರೋ, ಸದ್ದಿಲ್ಲದೆ ಇನ್ನೊಂದು ಸೆಲೆಕ್ಟ್ ಓಡಿ, ಬಿಟ್ಟ ಕನೆಕ್ಷನ್ ಮತ್ತೆ ಕೈಗೆ ಬಂದಿರುತ್ತದೆ. ಬೇಕಾದ ಮೌಲ್ಯಗಳನ್ನು ಕಮಿಟ್‌ಗೆ ಮೊದಲೇ ವೇರಿಯಬಲ್‌ಗೆ ಎತ್ತಿಟ್ಟುಕೊಳ್ಳಿ, ಇಲ್ಲವೇ ಎಕ್ಸ್‌ಪೈರ್ ಆನ್ ಕಮಿಟ್ ಅನ್ನು ಫಾಲ್ಸ್ ಮಾಡಿ. ಅಸಿಂಕ್ ಸೆಷನ್‌ನಲ್ಲಂತೂ ಎರಡನೆಯದೇ ಸರಿ. ಅಲ್ಲಿ ಈ ಕದ್ದುಮುಚ್ಚಿ ಓಡುವ ಸೆಲೆಕ್ಟ್ ನೇರವಾಗಿ ಎರರ್ ಆಗಿ ಸಿಡಿಯುತ್ತದೆ.

ಸ್ಕೋಪ್ಡ್ ಸೆಷನ್ ವೆಬ್ ಫ್ರೇಮ್‌ವರ್ಕ್ ಫ್ಲಾಸ್ಕ್‌ನ ಹಳೆಯ ಕೋಡ್‌ಗೆ ಸರಿ, ರಿಕ್ವೆಸ್ಟ್ ಮುಗಿದಾಗ ಓಡುವ ಟಿಯರ್‌ಡೌನ್‌ನಲ್ಲಿ ರಿಮೂವ್ ಕರೆಯುವುದಾದರೆ. ಹೊಸದಾಗಿ ಬರೆಯುವವರು ಅದನ್ನು ಬಿಡುವುದೇ ವಾಸಿ. ಅದು ಸೆಷನ್ ಬೇರ್ಪಡಿಸುವುದು ಥ್ರೆಡ್ ನೋಡಿ; ಅಸಿಂಕ್ ಸರ್ವಿಸ್‌ನಲ್ಲಿ ನೂರು ಟಾಸ್ಕ್ ಒಂದೇ ಥ್ರೆಡ್‌ನಲ್ಲಿ ಓಡುವುದರಿಂದ ಒಬ್ಬರ ಅರ್ಧ ಬರೆದ ಬದಲಾವಣೆ ಇನ್ನೊಬ್ಬರ ಕಮಿಟ್‌ನಲ್ಲಿ ಸೇರಿಹೋಗಬಹುದು. ಒಂದೇ ಅಸಿಂಕ್ ಸೆಷನ್ ಅನ್ನು ಹಲವು ಟಾಸ್ಕ್ ಒಟ್ಟಿಗೆ ಓಡಿಸುವ ಗ್ಯಾದರ್ ಒಳಗೆ ಹಂಚಿಕೊಳ್ಳುವುದೂ ಬೇಡ.

ಕನೆಕ್ಷನ್ ಕೊಡುವ ಮುನ್ನ ಅದು ಬದುಕಿದೆಯೇ ಎಂದು ನೋಡುವ ಪ್ರೀ ಪಿಂಗ್ ಡಿಫಾಲ್ಟಾಗಿ ಆಫ್ ಇರುವುದು ನಮ್ಮ ದೊಡ್ಡ ತಕರಾರು. ಮೈಎಸ್‌ಕ್ಯೂಎಲ್ ಸುಮ್ಮನಿರುವ ಕನೆಕ್ಷನ್ ಅನ್ನು 28,800 ಸೆಕೆಂಡ್ ಆದ ಮೇಲೆ ಕತ್ತರಿಸುತ್ತದೆ. ರಾತ್ರಿ ಖಾಲಿ ಇದ್ದ ಸರ್ವಿಸ್‌ಗೆ ಬೆಳಿಗ್ಗೆ ಬಂದ ಮೊದಲ ರಿಕ್ವೆಸ್ಟ್ ಬೀಳುವುದು ಇದರಿಂದಲೇ. ಪ್ರೀ ಪಿಂಗ್ ಆನ್ ಮಾಡಿ, ಹಳೆಯ ಕನೆಕ್ಷನ್ ಬದಲಿಸುವ ಪೂಲ್ ರಿಸೈಕಲ್ 1,800 ಸೆಕೆಂಡ್ ಇಡಿ.

ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನಿರುವ ಕನೆಕ್ಷನ್ ಕತ್ತರಿಸುವ ಐಡಲ್ ಇನ್ ಟ್ರಾನ್ಸಾಕ್ಷನ್ ಟೈಮ್‌ಔಟ್ ಕೂಡ ಆಫ್ ಇರುತ್ತದೆ. 60 ಸೆಕೆಂಡ್ ಕೊಡಿ. ಇಲ್ಲದಿದ್ದರೆ ಮರೆತುಹೋದ ಒಂದು ಸೆಲೆಕ್ಟ್‌ನ ಹಿಂದೆ ಆಲ್ಟರ್ ಟೇಬಲ್ ನಿಲ್ಲುತ್ತದೆ, ಆಲ್ಟರ್ ಹಿಂದೆ ಆ ಟೇಬಲ್‌ನ ಉಳಿದ ಕ್ವೆರಿಗಳೆಲ್ಲ. ತಪ್ಪಿತಸ್ಥ ಹ್ಯಾಂಡ್ಲರ್ ಹುಡುಕಲು ಕನೆಕ್ಷನ್‌ಗಳ ಸ್ಥಿತಿ ತೋರಿಸುವ ಪಿಜಿ ಸ್ಟ್ಯಾಟ್ ಆಕ್ಟಿವಿಟಿ ನೋಡಿ: ಐಡಲ್ ಇನ್ ಟ್ರಾನ್ಸಾಕ್ಷನ್ ಎಂದಿರುವ ಸಾಲಿನ ಕ್ವೆರಿ ಕಾಲಂನಲ್ಲಿ ಕೊನೆಗೆ ಓಡಿದ ಕ್ವೆರಿ ಇರುತ್ತದೆ. ಕೋಡ್‌ನಲ್ಲಿ ಆ ಕ್ವೆರಿಯ ಮುಂದಿನ ಸಾಲಿನಿಂದ ಹುಡುಕಾಟ ಶುರು ಮಾಡಿ.