ಬಿಪಿ ತೋರಿಸುತ್ತೆ ಅಂತ ಸ್ಮಾರ್ಟ್‌ವಾಚ್ ತಗೊಳ್ಳೋ ಮುಂಚೆ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. "ಬಿಪಿ, ಶುಗರ್, ಆಕ್ಸಿಜನ್ ಎಲ್ಲಾ ಬರುತ್ತೆ" ಅಂತ ಎರಡು ಮೂರು ಸಾವಿರಕ್ಕೆ ಕೊಡುವ ಸ್ಮಾರ್ಟ್‌ವಾಚನ್ನು ಮನೆಯ ಹಿರಿಯರಿಗೆ ಕೊಡಿಸಬೇಡಿ. ಬೇಡವೇ ಬೇಡ. ಟೈಮ್ ನೋಡೋಕೆ, ಫೋನ್ ಬಂದಾಗ ಗೊತ್ತಾಗೋಕೆ ಬೇಕಾದರೆ ತಗೊಳ್ಳಿ, ಅದು ನಿಮ್ಮಿಷ್ಟ. ಆದರೆ ಅದರಲ್ಲಿ ಬರುವ ಬಿಪಿ ನಂಬರ್ ನೋಡಿ ಮಾತ್ರೆ ತಗೋಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ಮನೆಯಲ್ಲಿದ್ದರೆ, ದಯವಿಟ್ಟು ಆ ವಾಚು ಹೊಸಿಲು ದಾಟದಂತೆ ನೋಡಿಕೊಳ್ಳಿ.

ನಮ್ಮಮ್ಮನಿಗೆ ವರ್ಷಗಳಿಂದ ಬಿಪಿ ಇದೆ. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು ಆಮ್ಲೋಡಿಪಿನ್, ಬಿಪಿ ಮಾತ್ರೆ. ಮಂಡಿ ನೋವು ಬೇರೆ, ಹಾಗಾಗಿ ಬಿಪಿ ನೋಡಿಸೋಕೆ ಕ್ಲಿನಿಕ್‌ವರೆಗೂ ನಡೆಯೋದು ಕಷ್ಟ. ಅದಕ್ಕೇ ತುಮಕೂರಿನ ಒಂದು ಮೊಬೈಲ್ ಅಂಗಡಿಗೆ ಹೋದೆ. ಹೆಸರು ಹಾಕಲ್ಲ, ದೂರು ಇನ್ನೂ ನಡೀತಾ ಇದೆ. ಅಂಗಡಿಯ ಹುಡುಗ ವಾಚನ್ನು ತನ್ನ ಕೈಗೆ ಕಟ್ಟಿಕೊಂಡ, ಹಿಂದೆ ಹಸಿರು ಲೈಟು ಮಿಣಮಿಣ ಅಂತು, ಪರದೆ ಮೇಲೆ ಒಂದು ಚಕ್ರ ತಿರುಗಿ 118/76 ಅಂತ ಬಂತು. "ನೋಡಿ ಮೇಡಂ, ಪರ್ಫೆಕ್ಟ್." ನನ್ನ ಕೈಗೆ ಕಟ್ಟಿದ. 121/79. "ನಿಮ್ಮದೂ ಸೂಪರ್ ಮೇಡಂ, ಡಾಕ್ಟರ್ ಹತ್ರ ಹೋಗೋ ಖರ್ಚು ಉಳೀತು ನೋಡಿ." ಡಬ್ಬಿ ಮೇಲೆ ಎಂಆರ್‌ಪಿ 9,999. ನನಗೆ 2,800ಕ್ಕೆ ಕೊಟ್ಟ. ಬಿಲ್ ಕೇಳಿದರೆ "ಜಿಎಸ್‌ಟಿ ಬಿಲ್ ಬೇಕು ಅಂದ್ರೆ 18 ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ ಮೇಡಂ, ಸುಮ್ನೆ ಯಾಕೆ" ಅಂತ ಒಂದು ಚೀಟಿ ಹರಿದು "ವಾಚ್ 2,800" ಅಂತ ಬರೆದು ಸೀಲ್ ಒತ್ತಿದ. ಎಂಆರ್‌ಪಿ ಅಂದ್ರೇನೇ ಎಲ್ಲಾ ತೆರಿಗೆ ಸೇರಿದ ಬೆಲೆ ಅಲ್ವಾ! ಅದರ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಗೆ ಕೊಡೋನು ತೆರಿಗೆ ಬೇರೆ ಕೊಡಿ ಅಂತಾನೆ.

ಮನೆಗೆ ತಂದ ಮೇಲೆ ಒಂದೊಂದೇ ಶುರುವಾಯಿತು. ಆಪ್ ಪ್ಲೇಸ್ಟೋರ್‌ನಲ್ಲಿ ಇಲ್ಲ, ಡಬ್ಬಿಯೊಳಗಿನ ಚೀಟಿಯ ಕ್ಯೂಆರ್ ಸ್ಕ್ಯಾನ್ ಮಾಡಿ ಇಳಿಸಿಕೊಳ್ಳಬೇಕು. ಇಳಿಸಿದ ತಕ್ಷಣ ಕಾಂಟ್ಯಾಕ್ಟ್ಸ್ ಕೊಡು, ಎಸ್‌ಎಂಎಸ್ ಕೊಡು, ಲೊಕೇಶನ್ ಕೊಡು. ತಮ್ಮ ಕನ್ನಡದಲ್ಲಿ "ಊಟ ಆಯ್ತಾ" ಅಂತ ಕಳಿಸಿದರೆ ವಾಚಿನಲ್ಲಿ ಬರೀ ಚೌಕ ಚೌಕ ಚೌಕ, ಒಂದಕ್ಷರ ಇಲ್ಲ. ಅಮೋಲೆಡ್ ಪರದೆ ಅಂದಿದ್ದ, ಅಂದರೆ ಕಪ್ಪು ಜಾಗದಲ್ಲಿ ಬೆಳಕೇ ಬರಬಾರದು. ರಾತ್ರಿ ಲೈಟ್ ಆರಿಸಿ ನೋಡಿದರೆ ಕಪ್ಪು ಇರಬೇಕಾದ ಜಾಗವೆಲ್ಲ ಬೂದು ಬಣ್ಣಕ್ಕೆ ಹೊಳೀತಿತ್ತು, ಅಂದರೆ ಮಾಮೂಲಿ ಎಲ್‌ಸಿಡಿ. ಅಮ್ಮ ಒಲೆ ಮುಂದೆ ನಿಂತಲ್ಲೇ ನಿಂತು ಮುದ್ದೆ ತಿರುವಿದರೆ ಹೆಜ್ಜೆ ಲೆಕ್ಕ ಏರುತ್ತಾ ಹೋಗುತ್ತಿತ್ತು. ಹೆಜ್ಜೆ ಲೆಕ್ಕ ಬಿಡಿ, ಕೈ ಅಲ್ಲಾಡಿಸಿದರೆ ಒಳ್ಳೆ ವಾಚುಗಳೂ ಸ್ವಲ್ಪ ಮೋಸ ಹೋಗುತ್ತವೆ. ಇಷ್ಟೇ ಆಗಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ.

ಶುಗರ್ ಅಂತ 5.6 ತೋರಿಸಿತು. ಅಮ್ಮ ಗಾಬರಿ. "ಐದಾ? ನೂರರ ಮೇಲೆ ಇರಬೇಕಲ್ವಾ?" ಅದು ಮಿಲಿಮೋಲ್ ಲೆಕ್ಕ, 18ರಿಂದ ಗುಣಿಸಿದರೆ ನಮ್ಮ ಲ್ಯಾಬ್‌ಗಳು ಕೊಡುವ ಮಿಲಿಗ್ರಾಂ ಲೆಕ್ಕ ಬರುತ್ತೆ, ಹೆಚ್ಚೂ ಕಮ್ಮಿ 100. ಅಲ್ಲಿಗೆ ಅಮ್ಮನಿಗೆ ಸಮಾಧಾನ. ನನಗಲ್ಲ. ಮಧ್ಯಾಹ್ನ ಹೋಳಿಗೆ ತಿಂದ ಮೇಲೂ 5.6, ಬೆಳಿಗ್ಗೆ ಖಾಲಿ ಹೊಟ್ಟೆಗೂ 5.6. ಚುಚ್ಚದೆ, ರಕ್ತ ತೆಗೆಯದೆ ಶುಗರ್ ಹೇಳ್ತೀವಿ ಅನ್ನುವ ವಾಚು, ಉಂಗುರಗಳನ್ನು ಬಳಸಬೇಡಿ ಅಂತ ಅಮೆರಿಕದ ಔಷಧಿ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಕೆ ಕೊಟ್ಟಿತ್ತು. ಅಂಥ ಒಂದು ವಾಚಿಗೂ ಅವರು ಒಪ್ಪಿಗೆ ಕೊಟ್ಟಿರಲಿಲ್ಲ. ಇಲ್ಲಿ ನಮ್ಮ ಅಂಗಡಿಯಲ್ಲಿ ಅದು 2,800ಕ್ಕೆ!

ಈಗ ಬಿಪಿ ವಿಷಯ. ವಾಚು ದಿನಾ 118, 120, 119 ಅಂತ ತೋರಿಸುತ್ತಿತ್ತು. ಅಮ್ಮನಿಗೆ ಖುಷಿಯೋ ಖುಷಿ. ಪಕ್ಕದ ಮನೆಯವರಿಗೂ ತೋರಿಸಿ ಬಂದರು. ನನಗೂ ಹೇಳದೆ ಮಾತ್ರೆಯನ್ನು ದಿನ ಬಿಟ್ಟು ದಿನ ತಗೊಳ್ಳೋಕೆ ಶುರು ಮಾಡಿದ್ದಾರೆ. "ನಾರ್ಮಲ್ ಇದೆಯಲ್ಲಾ, ಸುಮ್ನೆ ಯಾಕೆ ನುಂಗಲಿ" ಅಂತ. ಒಂದು ದಿನ ತಲೆ ಭಾರ, ಕತ್ತು ಹಿಡಿದಂಗೆ ಅಂದರು. ಕ್ಲಿನಿಕ್‌ಗೆ ಕರಕೊಂಡು ಹೋದೆ. ನರ್ಸ್ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ನೋಡಿದರು. 168/98. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರೂ ಅಷ್ಟೇ. ಅಲ್ಲೇ ಕೂತಿದ್ದ ಅಮ್ಮನ ಇನ್ನೊಂದು ಕೈಯ ವಾಚಿನಲ್ಲಿ 119/77! ಡಾಕ್ಟರ್ ನನ್ನ ಮುಖ ನೋಡಿ, "ಓದಿದೋರು ನೀವೇ ಇದನ್ನ ಕಟ್ಟಿಸಿದ್ರಾ?" ಅಂದರು. ಹೊರಗೆ ಇಷ್ಟು ಜನ ಕಾಯುತ್ತಿದ್ದರು, ಬಾಗಿಲು ತೆರೆದೇ ಇತ್ತು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಮನೆಗೆ ಬಂದವಳೇ ವಾಚನ್ನು ಬಿಚ್ಚಿ ಚಪಾತಿ ಲಟ್ಟಣಿಗೆಗೆ ಕಟ್ಟಿದೆ. ಸಿಟ್ಟಿಗೆ ಮಾಡಿದ್ದು. ಹಸಿರು ಲೈಟು ಮಿಣಮಿಣ, ಚಕ್ರ ತಿರುಗಿತು. ಲಟ್ಟಣಿಗೆಗೆ ಎದೆಬಡಿತ 74, ಬಿಪಿ 120/78, ಆಕ್ಸಿಜನ್ 98. ಮರದ ಲಟ್ಟಣಿಗೆ ಕಣ್ರೀ! ಆಮೇಲೆ ಆಪ್ ಒಳಗೆ ಹುಡುಕಿದಾಗ ಸೆಟ್ಟಿಂಗ್ಸ್‌ನ ಕೊನೆಯಲ್ಲಿ "ನಿಮ್ಮ ಮಾಮೂಲಿ ಬಿಪಿ" ಅಂತ ಒಂದು ಜಾಗ ಸಿಕ್ಕಿತು. ಅದರಲ್ಲಿ ಮೊದಲೇ 120/80 ತುಂಬಿಸಿಟ್ಟಿದ್ದಾರೆ. ಅದನ್ನು 150/95 ಅಂತ ಬದಲಾಯಿಸಿ ಮತ್ತೆ ಲಟ್ಟಣಿಗೆಗೆ ಕಟ್ಟಿದೆ. 148/94 ಬಂತು. ಅಂದರೆ ನಾವು ಏನು ಹೇಳ್ತೀವೋ ಅದನ್ನೇ ಒಂದೆರಡು ಹಿಂದೆ ಮುಂದೆ ಮಾಡಿ ನಮಗೇ ಓದಿ ಹೇಳುತ್ತೆ, ಥೇಟ್ ಗಿಣಿಶಾಸ್ತ್ರದ ಗಿಣಿಯ ಹಾಗೆ.

ಆ ಹಸಿರು ಲೈಟು ಮಾಡೋದು ಇಷ್ಟೇ: ಚರ್ಮದ ಕೆಳಗೆ ರಕ್ತ ಬಂದು ಹೋಗುವಾಗ ವಾಪಸ್ ಬರುವ ಬೆಳಕು ಹೆಚ್ಚು ಕಮ್ಮಿ ಆಗುತ್ತೆ, ಅದನ್ನು ಎಣಿಸಿ ಎದೆಬಡಿತ ಹೇಳುತ್ತೆ. ಒಳ್ಳೆ ವಾಚಿನಲ್ಲಿ ಇದು ಪರವಾಗಿಲ್ಲ. ಆಕ್ಸಿಜನ್‌ಗೆ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಬೇಕು, ಈ ವಾಚಿನಲ್ಲಿ ಕೆಂಪು ಲೈಟು ಹತ್ತಿದ್ದನ್ನು ನಾನಂತೂ ನೋಡಲಿಲ್ಲ. ರಕ್ತದ ಒತ್ತಡ ಬೇರೆಯೇ ಕಥೆ. ಸ್ಯಾಮ್‌ಸಂಗ್ ವಾಚಿನಲ್ಲಿ ಬಿಪಿ ನೋಡಬೇಕು ಅಂದರೂ ತೋಳಿನ ಪಟ್ಟಿಯ ಮೆಷಿನ್ ಜೊತೆ ಹೋಲಿಸಿ ಹೊಂದಿಸಬೇಕು, ಅದೂ 28 ದಿನಕ್ಕೊಮ್ಮೆ ಮತ್ತೆ ಮತ್ತೆ. ಅಷ್ಟು ದುಡ್ಡಿನ ವಾಚಿಗೇ ಆ ಗತಿ.

ಅಂಗಡಿಗೆ ಹೋದೆ. ಇನ್ನು ಇವರ ಉತ್ತರಗಳನ್ನು ಕೇಳಿ.

ಮೊದಲು, "ಸ್ಟ್ರಾಪ್ ಲೂಸ್ ಇರಬೇಕು ಮೇಡಂ." ಆಮೇಲೆ, "ಆಂಟಿಗೆ ಕ್ಲಿನಿಕ್ ಅಂದ್ರೆ ಟೆನ್ಷನ್, ಅದಕ್ಕೇ ಅಲ್ಲಿ ಜಾಸ್ತಿ ಬಂದಿದೆ, ನಮ್ಮ ವಾಚೇ ಕರೆಕ್ಟು." ನಾನು ಬ್ಯಾಗಿನಿಂದ ಲಟ್ಟಣಿಗೆ ತೆಗೆದೆ. ಹೌದು, ತಗೊಂಡೇ ಹೋಗಿದ್ದೆ. ಗ್ರಾಹಕರ ಎದುರೇ ಕಟ್ಟಿ ತೋರಿಸಿದೆ. ಇಬ್ಬರು ಕಾಲೇಜು ಹುಡುಗರು ವಿಡಿಯೋ ಮಾಡೋಕೆ ಶುರು ಮಾಡಿದರು. ಮಾಲೀಕ ಒಳಗಿಂದ ಬಂದು, "ಮೇಡಂ, ಇದು ಫಿಟ್‌ನೆಸ್ ವಾಚು, ಆಸ್ಪತ್ರೆ ಮೆಷಿನ್ ಅಲ್ಲ, ಡಬ್ಬಿ ಮೇಲೆ ಬರೆದಿದೆ ನೋಡಿ" ಅಂದ. ಬರೆದಿತ್ತು, ತಳದಲ್ಲಿ, ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಅದೇ ಡಬ್ಬಿಯ ಮುಂದೆ ಅಂಗೈ ಅಗಲಕ್ಕೆ ಹೃದಯದ ಚಿತ್ರ, ಪಕ್ಕದಲ್ಲಿ ಬಿಪಿ. "ಡಾಕ್ಟರ್ ಖರ್ಚು ಉಳೀತು ಅಂತ ನಿಮ್ಮ ಹುಡುಗನೇ ಹೇಳಿದ್ದಲ್ವಾ" ಅಂದರೆ, "ಅವನು ಹೊಸಬ ಮೇಡಂ." ದುಡ್ಡು ವಾಪಸ್ ಕೊಡಿ ಅಂದರೆ, "ಡಬ್ಬಿ ಓಪನ್ ಆಗಿದೆ, ರಿಫಂಡ್ ಇಲ್ಲ. ಬೇಕಿದ್ರೆ ಬೇರೆ ಮಾಡೆಲ್ ತಗೊಳ್ಳಿ, ಅದರಲ್ಲಿ ಬಿಪಿ ಪಕ್ಕಾ ಬರುತ್ತೆ." ಈ ಕೊನೆಯ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೂ ಮಾರ್ತಾನೇ ಇದ್ದಾನೆ! ಲಟ್ಟಣಿಗೆಯ ಬಿಪಿ ನೋಡಿದ ಮೇಲೂ!

1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ದಾಖಲಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದೇ ಇರೋದೇ ಅನುಚಿತ ವ್ಯಾಪಾರ. ದೋಷ ಇರುವ ಮಾಲನ್ನು ವಾಪಸ್ ತಗೊಳ್ಳಲ್ಲ ಅನ್ನೋದೂ ಅಷ್ಟೇ, ಬಿಲ್ಲಿನಲ್ಲಿ ಬೇರೆ ಅವಧಿ ಹಾಕಿಲ್ಲದಿದ್ದರೆ 30 ದಿನದವರೆಗೆ ಅವರು ತಗೊಳ್ಳಲೇಬೇಕು. ಇನ್ನೊಂದು, ನಮ್ಮ ದೇಶದಲ್ಲಿ ಮಾರುವ ಸ್ಮಾರ್ಟ್‌ವಾಚಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ, ಡಬ್ಬಿ ಮೇಲೆ "ಆರ್" ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು, ಬಿಐಎಸ್ ಕೇರ್ ಆಪಿನಲ್ಲಿ ಹಾಕಿದರೆ ಯಾವ ಕಂಪನಿಯದು ಅಂತ ಬರುತ್ತೆ. ನನ್ನ ಡಬ್ಬಿಯಲ್ಲಿ ಆ ನಂಬರೇ ಇಲ್ಲ. ಎಲ್ಲವನ್ನೂ ಫೋಟೋ ತೆಗೆದು ದೂರಿಗೆ ಸೇರಿಸಿದ್ದೇನೆ. ಆ "ವಾಚ್ 2,800" ಚೀಟಿಯನ್ನೂ. ದುಡ್ಡು ಯುಪಿಐನಲ್ಲಿ ಕಳಿಸಿದ್ದರಿಂದ ಇಷ್ಟಾದರೂ ಸಾಕ್ಷಿ ಉಳಿದಿದೆ.

ತಗೊಳ್ಳಲೇಬೇಕು ಅಂತಿದ್ದರೆ ಅಂಗಡಿಯಲ್ಲೇ ವಾಚನ್ನು ನೀರಿನ ಬಾಟಲಿಗೆ ಕಟ್ಟಿ ನೋಡಿ. ಬಾಟಲಿಗೂ ಬಿಪಿ ಬಂದರೆ ಎದ್ದು ಬನ್ನಿ. ಎದೆಬಡಿತ ಮಾತ್ರ ಬಂದರೆ ಅಷ್ಟಕ್ಕೇ ಕೆಟ್ಟದ್ದು ಅನ್ನಬೇಡಿ, ಒಳ್ಳೆ ಸೆನ್ಸರ್‌ಗಳೂ ಒಮ್ಮೊಮ್ಮೆ ಹಾಗೆ ಎಡವುತ್ತವೆ. ಮಾಡೆಲ್ ಹೆಸರು ಬರೆದ ಸರಿಯಾದ ಬಿಲ್ ಇಲ್ಲದೆ ಒಂದು ಪೈಸೆ ಕೊಡಬೇಡಿ. ಬಿಪಿ ನೋಡಬೇಕು ಅಂದರೆ ಅದೇ ದುಡ್ಡಿಗೆ ತೋಳಿಗೆ ಸುತ್ತುವ ಒಳ್ಳೆ ಮೆಷಿನ್ನೇ ಬರುತ್ತೆ, ಔಷಧಿ ಅಂಗಡಿಯಲ್ಲಿ. ಅಮ್ಮನಿಗೆ ಈಗ ಅದನ್ನೇ ತಂದಿದ್ದೇನೆ. ಮಾತ್ರೆ ಮತ್ತೆ ದಿನಾ ನಡೀತಿದೆ.

ನಿನ್ನೆ ಅಂಗಡಿಯವನು ವಾಟ್ಸಾಪ್‌ನಲ್ಲಿ ಬಂದ. "ಮೇಡಂ, ಇಷ್ಟು ಚಿಕ್ಕ ವಿಷಯಕ್ಕೆ 1915 ಯಾಕೆ, ನಾವು ನಾವು ಮಾತಾಡ್ಕೋಬಹುದಿತ್ತು. ಅರ್ಧ ದುಡ್ಡು ಕೊಡ್ತೀನಿ, ಜೊತೆಗೆ ಒಂದು ನೆಕ್‌ಬ್ಯಾಂಡ್ ಫ್ರೀ, ದೂರು ವಾಪಸ್ ತಗೊಳ್ಳಿ." ಪೂರ್ತಿ 2,800 ಬರೋವರೆಗೂ ತಗೊಳ್ಳಲ್ಲ ಅಂತ ಬರೆದು, ಆ ಮೆಸೇಜಿನ ಸ್ಕ್ರೀನ್‌ಶಾಟನ್ನೂ ದೂರಿಗೆ ಸೇರಿಸಿದೆ.